ಗೃಹಾರೋಗ್ಯ: ನೊಂದವಳಿಗೆ ಮನೆಯ ಆಸರೆ

ಕಿಬ್ಬನಹಳ್ಳಿಯ ಸೀಮೆಯವರಿಗೆ ಕೊಬ್ಬರಿಯ ವಿಷಯವನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ 8-10 ತಿಂಗಳು ಮುಟ್ಟದೆ ಬಿಟ್ಟರೆ, ಒಳಗಿನ ನೀರು ತಾನಾಗಿಯೇ ಇಂಗಿ ತಿರುಳು ಉಂಡೆಕೊಬ್ಬರಿಯಾಗುವುದು. ಮನಸ್ಸಿನ ನೋವನ್ನೂ ಹೀಗೆಯೇ ಮರೆಯಲ್ಲಿಟ್ಟರೆ ಕಾಲಕ್ರಮದಲ್ಲಿ ಇಂಗಿಹೋಗುವುದೆಂದು ನಮ್ಮಲ್ಲಿ ಅನೇಕರು ನಂಬಿರುವರು. ಬಲಾತ್ಕಾರಕ್ಕೆ ಸಿಕ್ಕಿದ ಹೆಣ್ಣುಮಕ್ಕಳ ವಿಷಯದಲ್ಲಿ ಈ ನಂಬಿಕೆಯಿಂದ ಬಹಳ ಅನರ್ಥವಾಗಿದೆ. ಸಂಕೋಚದ ಮಾತೆಂದು ಹಿರಿಯರು ಪುಟವನ್ನು ಮಗುಚದಿರಲಿ. ಇಂತಹ ಆಪತ್ತಿನಲ್ಲಿ ಮೊದಲು ಶುಶ್ರೂಷೆ ಮಾಡತಕ್ಕವರು ಮನೆಯವರೇ ಆದುದರಿಂದ, ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿಯೇ ಇದನ್ನು ಹೇಳಬೇಕಾಗಿದೆ.

1974ರಲ್ಲಿ ಅಮೆರಿಕದ ಆನ್ ಬರ್ಜೆಸ್ ಮತ್ತು ಲಿಂಡಾ ಹೋಮ್‌ಸ್ಟ್ರಾಮ್ ಎಂಬ ಇಬ್ಬರು ವಿದುಷಿಯರು, ಬಾಸ್ಟನ್ ನಗರದ ಆಸ್ಪತ್ರೆಗೆ ಬಂದ ಇಂತಹ ಸ್ತ್ರೀಯರ ಅನುಭವಗಳನ್ನು ಕೇಳಿ ಬರೆದುದನ್ನು ಪ್ರಕಟಿಸಿದರು. ಕೆಲವರು ಅತ್ತರು, ಕೆಲವರು ಏನೂ ನಡೆಯದವರಂತೆ ಶಾಂತರಾಗಿ ಕುಳಿತಿದ್ದರು. ಆದರೆ ದುಃಸ್ವಪ್ನ, ಅಕಾರಣ ಭಯ, ಹೊರಗೆ ಹೋಗಲು ಅಂಜಿಕೆ, ತನ್ನದೇ ತಪ್ಪೆಂಬ ಕೊರಗು ಇವು ಅನೇಕರಲ್ಲಿ ಕಂಡುಬಂದುವು. ಇದು ಗಾಳಿಸೋಕೂ ಅಲ್ಲ, ಹಟವೂ ಅಲ್ಲ. ಪೆಟ್ಟುಬಿದ್ದ ಮನಸ್ಸಿನ ಬಾಧೆ. "ಆಗ ಏಕೆ ಕೂಗಲಿಲ್ಲ?" ಎಂದು ಕೇಳುವವರುಂಟು. ಪ್ರಾಣಭಯದಲ್ಲಿ ದೇಹವು ಮರಗಟ್ಟಿ ಧ್ವನಿಯೇ ಏಳದಿರುವುದು ಸಹಜವೆಂಬುದನ್ನು ಅಂತಹವರು ಅರಿಯರು.

ಮೊದಲನೆಯದಾಗಿ ಆಸ್ಪತ್ರೆ. ಸರ್ಕಾರದ್ದಾಗಲಿ ಖಾಸಗಿಯದಾಗಲಿ, ಯಾವ ಆಸ್ಪತ್ರೆಯೂ ಇಂತಹವಳಿಗೆ ಕೂಡಲೇ ಉಚಿತವಾಗಿ ಚಿಕಿತ್ಸೆ ಮಾಡತಕ್ಕದ್ದೆಂದು 2013ರಲ್ಲಿ ಶಾಸನವಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 397ನೆಯ ಕಲಮಿನಲ್ಲಿಯೂ ಅದೇ ವಿಧಿಯಿದೆ. ಪೊಲೀಸರಿಗೆ ದೂರು ಕೊಟ್ಟ ಹೊರತು ಮದ್ದಿಲ್ಲವೆನ್ನಲು ಆಸ್ಪತ್ರೆಯವರಿಗೆ ಅಧಿಕಾರವಿಲ್ಲ. ಎಚ್.ಐ.ವಿ. ಸೋಂಕನ್ನು ತಡೆಯುವ ಮದ್ದನ್ನು 72 ಗಂಟೆಗಳೊಳಗೆ ಮೊದಲುಮಾಡಬೇಕು. ಗರ್ಭವನ್ನು ತಡೆಯುವ ಮಾತ್ರೆಯನ್ನು 5 ದಿನಗಳೊಳಗೆ, ಎಷ್ಟು ಬೇಗನಾದರೆ ಅಷ್ಟು ಒಳ್ಳೆಯದು, ಕೊಡಬೇಕು. "ಮಾನದ ಪ್ರಶ್ನೆ" ಎಂದು ಮನೆಯವರು ಆಲೋಚಿಸುತ್ತ ಕೂತರೆ ಈ ಗಂಟೆಗಳು ಕಳೆದುಹೋಗುವುವು. 18 ವರ್ಷ ತುಂಬದ ಮಕ್ಕಳ ವಿಷಯದಲ್ಲಾದರೋ, 2012ರ ಪೋಕ್ಸೋ ಕಾಯಿದೆಯಂತೆ, ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು.

ದೇಹದ ಗಾಯ ಮಾಯ್ದ ಮೇಲೆ ಮನಸ್ಸಿನ ಚಿಕಿತ್ಸೆಯ ಮಾತು. ದೊಡ್ಡ ಪಟ್ಟಣ, ದೊಡ್ಡ ವೈದ್ಯರು, ದೊಡ್ಡ ಹಣ ಇವಿಲ್ಲದೆ ಅದಾಗದೆಂಬುದು ಸರಿಯಲ್ಲ. ಆಫ್ರಿಕದ ಕಾಂಗೋ ದೇಶದ ಪೂರ್ವಭಾಗದ ಹಳ್ಳಿಗಳಲ್ಲಿ ಯುದ್ಧದ ನಡುವೆ ನಡೆದ ಪರೀಕ್ಷೆಯೊಂದರ ಫಲ 2013ರಲ್ಲಿ ಪ್ರಕಟವಾಯಿತು. ಅಲ್ಲಿ ಚಿಕಿತ್ಸೆ ನಡೆಸಿದವರು ಮನೋವೈದ್ಯರಲ್ಲ. ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತೆಯರು. ಬಲಾತ್ಕಾರಕ್ಕೆ ಸಿಕ್ಕಿದ ಹೆಂಗಸರು ಬಹುತೇಕ ಗುಂಪಾಗಿ ವಾರವಾರವೂ ಕೂಡಿ, ಒಟ್ಟು 12 ಬೈಠಕುಗಳಲ್ಲಿ, "ತಪ್ಪು ನನ್ನದೇ", "ಇನ್ನು ನಾನು ಯಾರನ್ನೂ ನಂಬಲಾರೆ" ಎಂಬಂತಹ ಯೋಚನೆಗಳನ್ನು ಒಂದೊಂದಾಗಿ ಎದುರಿಗಿಟ್ಟು ನಿಜವೋ ಸುಳ್ಳೋ ಎಂದು ವಿಮರ್ಶಿಸಿಕೊಂಡರು. ಓದುಬರಹ ಬಾರದವರಿಗೂ ಒಗ್ಗುವಂತೆ ಕ್ರಮವನ್ನು ಸರಳಮಾಡಿದ್ದರು. 6 ತಿಂಗಳ ತರುವಾಯ ನೋಡಲಾಗಿ, ಈ ಚಿಕಿತ್ಸೆ ಪಡೆದವರಲ್ಲಿ ಖಿನ್ನತೆ ಅಥವಾ ಕಳವಳ ಉಳಿದಿದ್ದುದು ನೂರಕ್ಕೆ 9 ಮಂದಿಯಲ್ಲಿ. ಬರಿಯ ಸಾಂತ್ವನವನ್ನು ಪಡೆದವರಲ್ಲಿ ನೂರಕ್ಕೆ 42 ಮಂದಿಯಲ್ಲಿ.

ನಮ್ಮ ನಾಡಿಗೂ ಈ ಮಾರ್ಗ ಹೊಸದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಹತ್ತಿರದ ಸಕಲವಾರದಲ್ಲಿ 1970ರ ದಶಕದಲ್ಲಿಯೂ, ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿಯೂ, ಸಾಮಾನ್ಯ ವೈದ್ಯರಿಗೆ ಮತ್ತು ಆರೋಗ್ಯ ಕಾರ್ಯಕರ್ತರಿಗೆ ಶಿಕ್ಷಣವಿತ್ತು ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದರು. ನೆರೆಯ ತುರುವೇಕೆರೆ ತಾಲ್ಲೂಕಿನಲ್ಲಿಯೇ ತೀವ್ರ ಮನೋರೋಗಿಗಳಿಗಾಗಿ ಅವರು ಇಂತಹ ಕಾರ್ಯವನ್ನು ನಡೆಸಿರುವರು. ಆ ಏರ್ಪಾಡು ಬಲಾತ್ಕಾರದಿಂದ ನೊಂದವರಿಗೂ ಅಷ್ಟೇ ಸಮೀಪಕ್ಕೆ ಬರಬೇಕಾಗಿದೆ. ಮನೋಚೈತನ್ಯವೆಂಬ ಕಾರ್ಯಕ್ರಮದನ್ವಯ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಲ್ಲಿ ಮನೋವೈದ್ಯರು ಬರುವ ಪದ್ಧತಿ 2014ರಲ್ಲಿ ಮೊದಲಾಯಿತು. ತಿಪಟೂರಿನಲ್ಲಿ ಯಾವ ದಿನವೆಂದು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳುವುದು. 2022ರ ಅಕ್ಟೋಬರ್ 10ರಿಂದ ಟೆಲಿಮಾನಸ್ ಎಂಬ ಉಚಿತ ದೂರವಾಣಿ ಉಂಟು: ಸಂಖ್ಯೆ 14416. ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು. ಸ್ತ್ರೀಯರ ಸಹಾಯಕ್ಕೆ 181, ಮಕ್ಕಳಿಗೆ 1098. ದೂರವಾಣಿಯ ಸಮಾಧಾನವೇ ಪೂರ್ಣ ಚಿಕಿತ್ಸೆಯಲ್ಲ. ಚಿಕಿತ್ಸೆಗೆ ಬಾಗಿಲೆಂದು ತಿಳಿಯತಕ್ಕದ್ದು. ಮನೆಗೆಲ್ಲ ಒಂದೇ ಫೋನು ಇರುವಲ್ಲಿ ಅದನ್ನು ಅವಳ ಕೈಗಿತ್ತು, ಕೋಣೆಯ ಬಾಗಿಲನ್ನೆಳೆದು ಹೊರಗೆ ಬರುವುದೂ ಒಂದು ಉಪಕಾರವೇ.

ಇನ್ನು ಮನೆಯವರು ಮಾಡತಕ್ಕದ್ದು. ಅವಳು ಹೇಳಿದಷ್ಟನ್ನು ಕೇಳಿ, ಹೇಳದುದನ್ನು ಕೆದಕಬೇಡಿ. ಮೊದಲ ದಿನಗಳಲ್ಲಿ ನಡೆದುದನ್ನೆಲ್ಲ ಬಲವಂತವಾಗಿ ಹೇಳಿಸುವುದರಿಂದ ಹಿತವಿಲ್ಲ. "ತಪ್ಪು ನಿನ್ನದಲ್ಲವಮ್ಮ, ನಾವಿದ್ದೇವೆ" ಎಂಬ ಮಾತನ್ನು ತಾಯಿ ಮಾತ್ರವಲ್ಲ, ತಂದೆಯೂ ಅಣ್ಣನೂ ಬಾಯಿಬಿಟ್ಟು ಹೇಳಬೇಕು. ಶಾಲೆ ಬಿಡಿಸುವುದು, ಅವಸರದಲ್ಲಿ ಮದುವೆ ಮಾಡುವುದು, ದೂರದ ನಂಟರ ಮನೆಗೆ ಸಾಗಿಸುವುದು, ಇವೆಲ್ಲವೂ ಅವಳಿಗೇ ವಿಧಿಸಿದ ಶಿಕ್ಷೆಯಾಗುವುವು. "ಮಾನಭಂಗ"ವೆಂಬ ಮಾತನ್ನೇ ನಾವು ಬಿಡಬೇಕು. ಮಾನ ಹೋದುದು ಅಪರಾಧಿಯದು.

ತೋಟ ತುಡಿಕೆಯುಳ್ಳ ಗೃಹಸ್ಥರಲ್ಲಿ ಇನ್ನೊಂದು ವಿಜ್ಞಾಪನೆ. ಆಪತ್ತು ಬಂದುದು ನಿಮ್ಮಲ್ಲಿ ಕಾಯಿ ಸುಲಿಯುವ ಆಳಿನ ಮಗಳಿಗಾದರೆ, ಅವಳ ತಂದೆತಾಯಿಗಳಿಗೆ ಒಂದು ದಿನದ ಕೂಲಿ ಬಿಡುವುದೂ ತಿಪಟೂರಿಗೆ ಹೋಗಿಬರುವ ಬಸ್ಸಿನ ವೆಚ್ಚವೂ ದೊಡ್ಡ ಮಾತು. ಚಿಕಿತ್ಸೆಗೆ ಹತ್ತಾರು ಸಾರಿ ಹೋಗಬೇಕಾದಲ್ಲಿ ಎರಡನೆಯ ಸಾರಿಗೇ ನಿಂತುಹೋಗುವುದು ಇದರಿಂದಲೇ. ಆ ದಿನದ ಕೂಲಿಯನ್ನು ಕಳೆಯದಿರಿ; ನಿಮ್ಮ ಮನೆಯ ಹೆಂಗಸರಲ್ಲೊಬ್ಬರು ಜೊತೆಯಲ್ಲಿ ಹೋಗಲಿ. ಹಣ ಕೊಡಿಸಿ ರಾಜಿ ಮಾಡಿಸಲು ಜಗುಲಿಯ ಮೇಲೆ ನಾಲ್ವರು ಸೇರಿದರೆ ನೀವು ಅಲ್ಲಿ ಕೂಡಬೇಡಿ. ಅವಳ ಹೆಸರು ನಿಮ್ಮ ಬಾಯಿಂದ ಹೊರಬೀಳದಿರಲಿ. ಹೆಸರನ್ನು ಪ್ರಕಟಿಸುವುದು ಕಾನೂನಿನಲ್ಲಿಯೂ ಅಪರಾಧ.

ಅಟ್ಟದ ಮೇಲಿನ ಕಾಯಿಯನ್ನು ಮರೆತು ಬಿಡಬಹುದು. ಒಳಗೊಳಗೇ ಕೊರಗುವ ಮಗಳನ್ನು ಹಾಗೆ ಮರೆತುಬಿಡಲಾಗದು. ಅವಳಿಗೆ ಮದ್ದುಂಟು, ಗುಣವೂ ಉಂಟು. ಅಲ್ಲಿಗೆ ಕರೆದೊಯ್ಯುವ ಕೈ ಮನೆಯದಾಗಲಿ.