ಅಸಾಧ್ಯವಾದ ವ್ಯಾಧಿಯೂ ಸಾಧ್ಯವಾದ ಶುಶ್ರೂಷೆಯೂ

ನಮ್ಮ ಸಂಘದ ಕಳೆದ ತಿಂಗಳ ಗೋಷ್ಠಿಯಲ್ಲಿ ವಿದ್ವನ್ಮಿತ್ರರೊಬ್ಬರು, ವೈದ್ಯರು ಕೈಬಿಟ್ಟ ರೋಗಿಗೆ ಶುಶ್ರೂಷೆಯೆಂಬುದು ವ್ಯರ್ಥವಾದ ವೆಚ್ಚವೆಂದೂ, ಅಸಾಧ್ಯವನ್ನು ಮುಟ್ಟಬಾರದೆಂದು ಚರಕನೇ ವಿಧಿಸಿರುವನೆಂದೂ ಅಪ್ಪಣೆ ಕೊಡಿಸಿದರು. ಸಭೆಯು ತಲೆದೂಗಿತು. ನಾನೂ ಅಂದು ಸುಮ್ಮನಿದ್ದೆನು. ಆ ಮೌನಕ್ಕೆ ಪ್ರಾಯಶ್ಚಿತ್ತವಾಗಿ ಈ ನಾಲ್ಕು ಮಾತುಗಳನ್ನು ವಾಚಕಮಹಾಶಯರ ಮುಂದಿಡುತ್ತಿರುವೆನು.

ಮೊದಲು ಶಾಸ್ತ್ರವನ್ನೇ ವಿಚಾರಿಸೋಣ. ಅಸಾಧ್ಯರೋಗಕ್ಕೆ ಚಿಕಿತ್ಸೆ ಮಾಡಹೊರಟ ವೈದ್ಯನು ಅರ್ಥವನ್ನೂ ವಿದ್ಯೆಯನ್ನೂ ಯಶಸ್ಸನ್ನೂ ಕಳೆದುಕೊಳ್ಳುವನೆಂದು ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹೇಳಿರುವುದು ನಿಜ. ನನ್ನ ಬುದ್ಧಿಗೆ ತೋರುವಂತೆ, ವಾಸಿಮಾಡುವೆನೆಂದು ಇಲ್ಲದ ಆಸೆ ಹುಟ್ಟಿಸುವವನಿಗೆ ಹೇಳಿದ ಎಚ್ಚರಿಕೆಯಿದು. ನರಳುವವನನ್ನು ತೊರೆಯಿರೆಂಬ ಅಪ್ಪಣೆಯಲ್ಲ. ಅದಕ್ಕೆ ಹಿಂದಿನ ಅಧ್ಯಾಯದಲ್ಲಿಯೇ ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ 4 ಪಾದಗಳನ್ನು ಹೇಳಿದೆ. ಪರಿಚಾರಕನಲ್ಲಿರಬೇಕಾದ ಗುಣಗಳೂ ನಾಲ್ಕು: ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶೌಚ. ಇಲ್ಲಿ ಅನುರಾಗವು ಮೂರನೆಯದು, ತಿಳಿವಳಿಕೆಯು ಮೊದಲನೆಯದು. ಮನೆಯವರ ಪ್ರೀತಿಯೊಂದಿದ್ದರೆ ಸಾಕು, ಶುಶ್ರೂಷೆಯನ್ನು ಕಲಿಯತಕ್ಕದ್ದೇನಿದೆ ಎನ್ನುವವರು ಈ ಕ್ರಮವನ್ನು ಗಮನಿಸಬೇಕು.

ಇದನ್ನು ನಾನು ಪಾಠಶಾಲೆಯಲ್ಲಿ ಓದಿದ್ದೆನು. ಅರ್ಥವಾದುದು ಮಾತ್ರ ನನ್ನ ಮನೆಯಲ್ಲಿ. 6 ವರ್ಷಗಳ ಹಿಂದೆ ನನ್ನ ಗೃಹಿಣಿಗೆ ಅರ್ಬುದರೋಗವು ಬಲಿತಾಗ, ಇನ್ನೇನೂ ಮಾಡುವಂತಿಲ್ಲ, ಮನೆಗೆ ಕರೆದುಕೊಂಡು ಹೋಗಿರೆಂದು ಆಸ್ಪತ್ರೆಯವರು ಹೇಳಿದರು. ಮನೆಯಲ್ಲಿ ಏನು ಮಾಡಬೇಕೆಂಬುದನ್ನು ಯಾರೂ ಹೇಳಲಿಲ್ಲ. ನಮಗೆ ಪ್ರೀತಿಗೆ ಕೊರತೆಯಿರಲಿಲ್ಲ. ನೋವಾದೀತೆಂದು ಆಕೆಯನ್ನು ಅಲುಗಿಸದೆ ಮಲಗಿಸಿದೆವು, ಬೆನ್ನಿನಲ್ಲಿ ಹುಣ್ಣಾಯಿತು. ಶಕ್ತಿ ಬರಲೆಂದು ಬಲವಂತವಾಗಿ ಗಂಜಿ ಕುಡಿಸಿದೆವು; ಅದು ನೆತ್ತಿಗೇರಿತು. ನನ್ನ ಸೊಸೆಯು ರಾತ್ರಿಗಳನ್ನು ನಿದ್ರೆಯಿಲ್ಲದೆ ಕಳೆದು ಬತ್ತಿಹೋದಳು. ಕೊನೆಗೆ ಉಪಶಮನ ಶುಶ್ರೂಷೆಯನ್ನು ಕಲಿತ ದಾದಿಯೊಬ್ಬರು ಬಂದು, 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನೂ, ಒದ್ದೆಬಟ್ಟೆಯಿಂದ ಬಾಯನ್ನು ಶುಚಿಮಾಡುವುದನ್ನೂ ಕಲಿಸಿಕೊಟ್ಟು, ವೈದ್ಯರಿಂದ ಮಾರ್ಫಿನ್ ಬರೆಯಿಸೋಣವೆಂದರು. ಅಫೀಮಿನ ಸಾರವು ನನ್ನ ಮನೆಯೊಳಕ್ಕೆ ಬರಕೂಡದೆಂದು ನಾನು ಹಠ ಹಿಡಿದೆನು. 11 ದಿನಗಳು ಹೀಗೆಯೇ ಕಳೆದುವು. ಆಗ ಆ ತಾಯಿ, "ಮೇಷ್ಟ್ರೇ, ನೋವನ್ನು ತಿನ್ನುತ್ತಿರುವವರು ಅವರು; ಔಷಧ ಬೇಡವೆನ್ನುತ್ತಿರುವವರು ನೀವು" ಎಂದರು. ನಾನು ತಲೆತಗ್ಗಿಸಿದೆನು. ಔಷಧವು ಹಿಡಿದ ಮೂರನೆಯ ದಿನ ಆಕೆ ನಿದ್ದೆಯಿಂದೆದ್ದು, ಉಪ್ಪಿನಕಾಯಿಗೆ ಮಾವಿನ ಮಿಡಿ ತರಿಸಿದಿರಾ ಎಂದು ಕೇಳಿದಳು. ಆ 11 ದಿನಗಳ ಲೆಕ್ಕವನ್ನು ನಾನು ಇನ್ನೂ ತೀರಿಸಿಲ್ಲ.

ಮಾರ್ಫಿನ್ನಿನಿಂದ ರೋಗಿಯು ವ್ಯಸನಿಯಾಗುವನೆಂಬ ಭಯವು ವಿದ್ಯಾವಂತರಲ್ಲಿಯೇ ಹೆಚ್ಚು. ನೋವಿನ ಪ್ರಮಾಣವನ್ನರಿತು ವೈದ್ಯನು ಕೊಡುವ ಔಷಧವೇ ಬೇರೆ, ಮೋಜಿಗಾಗಿ ಸೇವಿಸುವ ಮಾದಕವೇ ಬೇರೆ. ಅರ್ಬುದದ ನೋವಿಗೆ ಔಷಧವನ್ನು ಮೆಟ್ಟಿಲುಮೆಟ್ಟಿಲಾಗಿ ಏರಿಸುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿಯೇ ಪ್ರಕಟಿಸಿತು. ಸಾಧಾರಣವಾಗಿ ಗಡಿಯಾರ ನೋಡಿ 4 ಗಂಟೆಗೊಮ್ಮೆ ಬಾಯಿಯ ಮೂಲಕ ಕೊಡತಕ್ಕದ್ದು. ನೋವು ಮರುಕಳಿಸಲೆಂದು ಕಾಯತಕ್ಕದ್ದಲ್ಲ. ಮಲಬದ್ಧತೆಯಾಗುವುದರಿಂದ ಜೊತೆಯಲ್ಲಿ ವಿರೇಚಕವನ್ನೂ ಕೊಡುವರು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಗಿಯಿಂದ ಗಸಗಸೆಯನ್ನು ಬೆಳೆದು, ಅದರ ಅಫೀಮನ್ನು ಔಷಧಾರ್ಥವಾಗಿ ಪರದೇಶಗಳಿಗೂ ಕಳುಹಿಸಿದ ದೇಶ ನಮ್ಮದು. ಆದರೂ 1985ರ ಕಾನೂನಿನ ಬಿಗಿಯಿಂದ ನಮ್ಮ ರೋಗಿಗಳಿಗೇ ಅದು ದುರ್ಲಭವಾಯಿತು. 2014ರ ತಿದ್ದುಪಡಿಯು ಆ ಬಿಗಿಯನ್ನು ಸಡಿಲಿಸಿತು. ನಮ್ಮ ಮನಸ್ಸಿನ ಬಿಗಿಯನ್ನು ಯಾವ ಶಾಸನಸಭೆಯು ಸಡಿಲಿಸೀತು?

ಹೊರಗಿನವರ ಕೈಯಿಂದ ಸೇವೆ ಮಾಡಿಸುವುದು ಕುಲಕ್ಕೆ ಕುಂದೆಂಬುದು ಮತ್ತೊಂದು ಆಕ್ಷೇಪ. ಹೀಗೆನ್ನುವ ಗಂಡಸರಲ್ಲಿ ಎಷ್ಟು ಮಂದಿ ರೋಗಿಯ ಬಟ್ಟೆಯನ್ನು ಬದಲಿಸಿರುವರು? ಕುಲದ ಮಾನವು ಸೊಸೆಯಂದಿರ ನಿದ್ರೆಯನ್ನು ಸುಟ್ಟು ಉರಿಯುವ ದೀಪವಾಗಿದೆ. ದಾದಿಯು ಮನೆಯವರ ಕರ್ತವ್ಯವನ್ನು ಕಸಿದುಕೊಳ್ಳುವುದಿಲ್ಲ, ಕಲಿಸಿಕೊಡುವಳು. ಹುಣ್ಣಿನ ದುರ್ವಾಸನೆಗೆ ಅಂಜಿ ಮೊಮ್ಮಕ್ಕಳೂ ಹತ್ತಿರ ಬಾರದಿರುವಾಗ, ವೈದ್ಯರ ಅನುಮತಿಯಿಂದ ಮೆಟ್ರೋನಿಡಜೋಲ್ ಮಾತ್ರೆಯ ಪುಡಿಯನ್ನು ಹಾಕಿ ಆ ವಾಸನೆಯನ್ನು ತಗ್ಗಿಸುವಳು. ಮೊಮ್ಮಗುವು ಮತ್ತೆ ಅಜ್ಜಿಯ ಮಂಚದ ಮೇಲೆ ಕುಳಿತುಕೊಳ್ಳುವುದು. ಮನೆಯವರು ಅಳುವಾಗ ಬಳಿಯಲ್ಲಿರುವಳು. ಇದು ಚಿಕಿತ್ಸೆಯಲ್ಲದಿದ್ದರೆ ಮತ್ತಾವುದು ಚಿಕಿತ್ಸೆ?

ಇದು ಬರಿಯ ಹಾರೈಕೆಯ ಮಾತಲ್ಲ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ ಹಾಸ್ಪೀಸನ್ನು ತೆರೆದ ಸಿಸಿಲಿ ಸಾಂಡರ್ಸರು ಮೊದಲು ದಾದಿಯಾಗಿದ್ದು ಬಳಿಕ ವೈದ್ಯೆಯಾದವರು. ಕೋಳಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಕಾರ್ಯವು ನೆರೆಹೊರೆಯವರಿಗೇ ಶಿಕ್ಷಣ ಕೊಡುತ್ತ ಊರೂರಿಗೆ ಹಬ್ಬಿತು. 2008ರಲ್ಲಿ ಕೇರಳ ಸರಕಾರವು ಅದನ್ನು ತನ್ನ ನೀತಿಯಾಗಿಯೇ ಅಂಗೀಕರಿಸಿತು. ನಮ್ಮ ಬೆಂಗಳೂರಿನ ಕರುಣಾಶ್ರಯದಲ್ಲಿ ಇಂತಹ ಶುಶ್ರೂಷೆಯನ್ನು ಹಣ ತೆಗೆದುಕೊಳ್ಳದೆ ನಡೆಸುತ್ತಿರುವರು. ಆದರೆ ನಮ್ಮ ಜಿಲ್ಲೆಯ ಮೂಲೆಯ ಹಳ್ಳಿಯಲ್ಲಿ ನರಳುವ ಮುದುಕಿಗೆ ಬೆಂಗಳೂರು ಬಹು ದೂರ. ಅವಳ ಜಗಲಿಯವರೆಗೆ ನಡೆದುಬರುವ ದಾದಿಯು ಬೇಕು. ಪಕ್ಕದ ಮನೆಯಲ್ಲಿ ಮಗ್ಗುಲು ಬದಲಿಸಬಲ್ಲ ಎರಡು ಕೈಗಳು ಬೇಕು.

ಸಂಘದ ಸದಸ್ಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ನಮಗೊಂದು ಸಭಾಮಂದಿರವಿದೆ. ತಿಂಗಳಿಗೊಂದು ಭಾನುವಾರ ಅಲ್ಲಿ ಕಾವ್ಯವಾಚನವನ್ನು ಬಿಟ್ಟು, ನುರಿತ ದಾದಿಯೊಬ್ಬರನ್ನು ಕರೆಯಿಸಿ ಈ ವಿದ್ಯೆಯನ್ನು ಕಲಿಯೋಣ. ಗಂಡಸರು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಲಿ. ಜಿಲ್ಲಾ ಆಸ್ಪತ್ರೆಯಲ್ಲಿ ಮಾರ್ಫಿನ್ ದೊರೆಯುವುದೇ ಎಂದು ವಿಚಾರಿಸಿ, ದೊರೆಯದಿದ್ದರೆ ದೊರೆಯುವವರೆಗೆ ಅರ್ಜಿ ಬರೆಯೋಣ. ಸತ್ತವರಿಗಾಗಿ 13 ದಿನ ಲೋಪವಿಲ್ಲದಂತೆ ಕರ್ಮ ಮಾಡುವ ಜನರು ನಾವು. ಸಾಯುವುದಕ್ಕೆ ಮುಂಚಿನ 13 ವಾರಗಳಲ್ಲಿ ಆಗುವ ಲೋಪಕ್ಕೆ ಯಾವ ಶಾಂತಿಯನ್ನು ಮಾಡಿಸೋಣ? ವಿದ್ವನ್ಮಿತ್ರರು ಉತ್ತರ ಕೊಡುವ ಕೃಪೆ ಮಾಡಬೇಕು.