ಸೈರನ್ ಕೂಗಿದರೆ ಓಡಿ ಬರುವವರು ಯಾರು?

ಕಾರವಾರ: ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಅಂತ ಹಿರಿಯರು ಗೇಲಿ ಮಾಡುತ್ತಿದ್ದರು. 2025ರ ಮೇ ತಿಂಗಳ ಮೊದಲ ವಾರ ದೇಶದಲ್ಲಿ ನಡೆದದ್ದು ಹೆಚ್ಚುಕಡಿಮೆ ಅದೇ. ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಮಂದಿಯ ಕೊಲೆಯಾಯಿತು. ಮೇ 5ರಂದು ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ಕಾಗದ ಬರೆಯಿತು. ಮೇ 7ರಂದು ಪೌರ ರಕ್ಷಣೆಯ ತಾಲೀಮು ನಡೆಸಿ, ಸೈರನ್ ಪರೀಕ್ಷಿಸಿ, ದೀಪ ಆರಿಸುವುದನ್ನು ಜನರಿಗೆ ಕಲಿಸಿ ಅಂತ ಅದರಲ್ಲಿತ್ತು. ಸಿಕ್ಕಿದ್ದು ಎರಡೇ ದಿನ. ಪಟ್ಟಿಯಲ್ಲಿದ್ದದ್ದು 244 ಪೌರ ರಕ್ಷಣಾ ಜಿಲ್ಲೆ. ಕರ್ನಾಟಕದ ಪಾಲಿಗೆ ಮೂರೇ ಹೆಸರು: ಬೆಂಗಳೂರು, ರಾಯಚೂರು, ಕಾರವಾರ.

ಮೇ 7ರ ನಸುಕಿಗೆ ಸೇನೆ ಗಡಿಯಾಚೆ ದಾಳಿ ಮಾಡಿತು. ಮೇ 10ಕ್ಕೆ ಕದನ ನಿಂತಿತು. ಪೇಟೆಯ ಕಟ್ಟೆಯ ಮೇಲೆ ಮಾತು ಮತ್ತೆ ಬಂಗಡೆ ರೇಟಿಗೆ, ಬಸ್ಸು ತಡವಾದದ್ದಕ್ಕೆ ಹೊರಳಿತು. ಆದರೆ ಒಂದು ಪ್ರಶ್ನೆ ಹಾಗೇ ಉಳಿದಿದೆ. ನಿಜವಾಗಿ ಸೈರನ್ ಕೂಗಿದರೆ ಕೋಡಿಬಾಗದ ಓಣಿಗೆ, ಬೈತಖೋಲದ ಬಂದರಿಗೆ, ಬಸ್‌ಸ್ಟ್ಯಾಂಡಿನ ಗದ್ದಲಕ್ಕೆ ಓಡಿ ಬರುವವರು ಯಾರು? ಅವರ ಹೆಸರು ಯಾವ ಪುಸ್ತಕದಲ್ಲಿದೆ?

ಪಟ್ಟಿಗೆ ಸೇರಿದ್ದು ಸುಮ್ಮನೆ ಅಲ್ಲ

ಊರಿನ ದಕ್ಷಿಣಕ್ಕೆ ಅರ್ಗಾದಲ್ಲಿ ನೌಕಾನೆಲೆ ಇದೆ. 1986ರಲ್ಲಿ ಪ್ರಧಾನಿ ರಾಜೀವ ಗಾಂಧಿ ಅಡಿಗಲ್ಲು ಹಾಕಿದ ಸೀಬರ್ಡ್ ಯೋಜನೆ 2005ರಲ್ಲಿ ಐಎನ್ಎಸ್ ಕದಂಬ ಆಯಿತು. ಒಳಗೆ ಕಾಳಿ ಕಣಿವೆಯಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರ ಇದೆ. ತಲಾ 220 ಮೆಗಾವಾಟಿನ ನಾಲ್ಕು ಘಟಕ ಅಲ್ಲಿ ನಡೆಯುತ್ತಿವೆ. ಸಮುದ್ರಕ್ಕೂ ಗುಡ್ಡಕ್ಕೂ ನಡುವಿನ ಕಿರುದಾರಿಯಲ್ಲಿ ಹೆದ್ದಾರಿ 66, ಪಕ್ಕದಲ್ಲಿ ಕೊಂಕಣ ರೈಲು. ವೈರಿ ನಕಾಶೆ ಬಿಡಿಸಿ ಕೂತರೆ ಈ ಊರನ್ನು ಬಿಟ್ಟು ಮುಂದೆ ಹೋಗಲಾರ.

ಇದು ಹೊಸ ಭಯವೂ ಅಲ್ಲ. 1961ರ ನವೆಂಬರಿನಲ್ಲಿ ಅಂಜುದೀವ್ ದ್ವೀಪದಲ್ಲಿದ್ದ ಪೋರ್ಚುಗೀಸರು ಸಾಬರಮತಿ ಹಡಗಿನ ಮೇಲೆ ಗುಂಡು ಹಾರಿಸಿದರು. ಆಮೇಲೆ ಮೀನುಗಾರರ ದೋಣಿಯ ಮೇಲೂ ಗುಂಡು ಬಿತ್ತು, ಒಬ್ಬ ಮೀನುಗಾರ ಸತ್ತ. ಡಿಸೆಂಬರಿನಲ್ಲಿ ದ್ವೀಪ ಹಿಡಿಯುವಾಗ ಭಾರತೀಯ ನೌಕಾಪಡೆಯ ಏಳು ಮಂದಿ ಪ್ರಾಣ ಕೊಟ್ಟರು. ಆ ಸಾವಿನಲ್ಲಿ ಮೊದಲ ಹೆಸರು ಸೈನಿಕನದಲ್ಲ, ಬಲೆ ಬೀಸಲು ಹೋದವನದು. ಯುದ್ಧ ಎಂಬುದು ಗಡಿಯಲ್ಲೇ ನಡೆಯುವುದು, ಪೇಟೆಗೆ ಬರುವುದು ಬರೀ ಸುದ್ದಿ ಅಂದುಕೊಂಡವರಿಗೆ ಇಷ್ಟು ಸಾಕು.

ಮುಂಬಯಿ ಕಾಲದ ನಂಟು

ಗೃಹರಕ್ಷಕ ದಳ ಹುಟ್ಟಿದ್ದು 1946ರ ಡಿಸೆಂಬರ್ 6ರಂದು, ಮುಂಬಯಿ ಪ್ರಾಂತದಲ್ಲಿ. ಆಗ ಎದುರಿಗಿದ್ದದ್ದು ಹೊರಗಿನ ವೈರಿಯಲ್ಲ, ಕೋಮುಗಲಭೆ. ಪೊಲೀಸರ ಕೈ ಸಾಲದಾದಾಗ ಊರವರೇ ಊರು ಕಾಯಲಿ ಎಂಬುದು ಲೆಕ್ಕಾಚಾರ. ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಮುಂಬಯಿಯಲ್ಲೇ ಇತ್ತು. ಹಾಗಾಗಿ ಈ ದಳ ಕಾರವಾರಕ್ಕೆ ನಿನ್ನೆ ಮೊನ್ನೆ ಬಂದ ಪರಕೀಯ ವಸ್ತುವಲ್ಲ.

ದಳಕ್ಕೆ ದೇಶವ್ಯಾಪಿ ರೂಪ ಬಂದದ್ದು ಪೆಟ್ಟು ತಿಂದ ಮೇಲೆ. 1962ರಲ್ಲಿ ಚೀನಾ ಮೇಲೆ ಬಿದ್ದಾಗ, ಅಲ್ಲೊಂದು ಇಲ್ಲೊಂದು ಇದ್ದ ಸ್ವಯಂಸೇವಕ ಪಡೆಗಳನ್ನೆಲ್ಲ ಒಂದೇ ಹೆಸರಿನಡಿ ತನ್ನಿ ಅಂತ ಕೇಂದ್ರ ಹೇಳಿತು. ಆಗಿನ ಮೈಸೂರು ರಾಜ್ಯದ ಗೃಹರಕ್ಷಕ ಕಾಯಿದೆಯೂ ಅದೇ 1962ರದು. ಪೌರ ರಕ್ಷಣೆಗೆ ಬೇರೆ ಕಾಯಿದೆ ಬಂದದ್ದು 1968ರಲ್ಲಿ, ಚೀನಾ ಯುದ್ಧವೂ 1965ರ ಪಾಕಿಸ್ತಾನದ ಯುದ್ಧವೂ ಮುಗಿದು ಹೋದ ಮೇಲೆ. ಬಾಯಾರಿದಾಗ ಬಾವಿ ತೋಡುವುದು ಸರಕಾರಕ್ಕೆ ಹಳೇ ಚಾಳಿ.

ಬ್ರಿಟನ್ ಕೂಡ ಇದಕ್ಕೆ ಹೊರತಲ್ಲ. ಹಿಟ್ಲರನ ಪಡೆ ಫ್ರಾನ್ಸಿಗೆ ನುಗ್ಗಿದ ಮೇಲೆ, 1940ರ ಮೇ 14ರಂದು, ಮಂತ್ರಿ ಆಂಥನಿ ಈಡನ್ ರೇಡಿಯೋದಲ್ಲಿ ಕರೆ ಕೊಟ್ಟರು. 17ರಿಂದ 65 ವರ್ಷದವರೆಗಿನ ಗಂಡಸರು ಲಕ್ಷಗಟ್ಟಲೆ ಬಂದು ಠಾಣೆಗಳಲ್ಲಿ ಹೆಸರು ಬರೆಸಿದರು. ಬಂದವರಿಗೆ ಕೊಡಲು ಬಂದೂಕೂ ಇಲ್ಲ, ಸಮವಸ್ತ್ರವೂ ಇಲ್ಲ. ತೋಳಿಗೊಂದು ಪಟ್ಟಿ ಅಷ್ಟೆ. ಆ ಪಡೆಗೇ ಆಮೇಲೆ ಹೋಂ ಗಾರ್ಡ್ ಅಂತ ಹೆಸರಾಯಿತು. ಜನರ ಉತ್ಸಾಹ ಒಂದು ದಿನಕ್ಕೆ ಬರುತ್ತದೆ, ವ್ಯವಸ್ಥೆ ಒಂದು ದಿನಕ್ಕೆ ಬರುವುದಿಲ್ಲ.

ಊರವರು ಗೆದ್ದ ಎರಡು ಕತೆ

ವ್ಯವಸ್ಥೆಗೆ ಊರವರ ಕೈ ಸೇರಿದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. 1965ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನ ರಾತ್ರೋರಾತ್ರಿ ಪಠಾಣಕೋಟ್, ಆದಂಪುರ, ಹಲ್ವಾರ ವಿಮಾನನೆಲೆಗಳ ಬಳಿ ಪ್ಯಾರಾಚೂಟಿನಲ್ಲಿ ಕಮಾಂಡೋಗಳನ್ನು ಇಳಿಸಿತು. ಅವರಲ್ಲಿ ಬಹುಮಂದಿ ಸಿಕ್ಕಿಬಿದ್ದರು. ಹೊಲದಲ್ಲಿ ಅಪರಿಚಿತ ಮುಖ ಕಂಡ ಪಂಜಾಬಿನ ರೈತರು ಪೊಲೀಸರಿಗೆ ಸುದ್ದಿ ಮುಟ್ಟಿಸಿದರು, ತಾವೂ ದೊಣ್ಣೆ ಹಿಡಿದು ಬೆನ್ನಟ್ಟಿದರು.

1971ರ ಡಿಸೆಂಬರಿನಲ್ಲಿ ಭುಜ್ ವಿಮಾನನೆಲೆಯ ರನ್‌ವೇ ಬಾಂಬಿಗೆ ಹಾಳಾಯಿತು. ಪಕ್ಕದ ಮಾಧಾಪರ ಹಳ್ಳಿಯಿಂದ ಸುಮಾರು 300 ಹೆಂಗಸರು ಬಂದು 72 ತಾಸಿನಲ್ಲಿ ಅದನ್ನು ಸರಿಮಾಡಿ ಕೊಟ್ಟರು. ಸೈರನ್ ಕೂಗಿದಾಗ ಪೊದೆಯಲ್ಲಿ ಅಡಗುವುದು, ನಿಂತಾಗ ಮತ್ತೆ ಬುಟ್ಟಿ ಹೊರುವುದು. ಅವರು ಯಾರೂ ಕವಾಯತು ಕಲಿತವರಲ್ಲ. ಆದರೆ ಅವರನ್ನು ಯಾರು ಕರೆಯಬೇಕು, ಬಂದವರಿಗೆ ಏನು ಕೆಲಸ ಕೊಡಬೇಕು ಎಂಬುದು ಅಲ್ಲಿದ್ದ ಅಧಿಕಾರಿಗೆ ಗೊತ್ತಿತ್ತು. ಗುಟ್ಟು ಇರುವುದು ಅಲ್ಲೇ.

ಒಂದೇ ತಲೆ, ಎರಡು ಟೋಪಿ

ಕಾಗದದ ಮೇಲೆ ವ್ಯವಸ್ಥೆ ಚೊಕ್ಕವಾಗಿಯೇ ಇದೆ. ಜಿಲ್ಲೆಗೊಬ್ಬ ಸಮಾದೇಷ್ಟರು, ಅದು ಗೌರವ ಹುದ್ದೆ. ಅವರ ಕೆಳಗೆ ಘಟಕಗಳು, ವಾರಕ್ಕೊಮ್ಮೆ ಕವಾಯತು. ವೈದ್ಯ, ವಕೀಲ, ಕಾಲೇಜು ಹುಡುಗ, ರೈತ, ಕಾರ್ಖಾನೆ ಕೆಲಸಗಾರ, ಹೀಗೆ ಎಲ್ಲ ತರದವರೂ ಬಿಡುವಿನ ವೇಳೆ ಕೊಡಲಿ ಎಂಬುದು ಮೂಲ ಕಲ್ಪನೆ. ಪೌರ ರಕ್ಷಣೆಯಲ್ಲಂತೂ 12 ಸೇವೆಗಳ ವಿಂಗಡಣೆಯೇ ಇದೆ. ಓಣಿ ನೋಡಿಕೊಳ್ಳುವ ವಾರ್ಡನ್, ಬೆಂಕಿ ಆರಿಸುವವರು, ಗಾಯಾಳು ಸಾಗಿಸುವವರು, ಅವಶೇಷದಡಿಯಿಂದ ಎತ್ತುವವರು, ಸುದ್ದಿ ಮುಟ್ಟಿಸುವವರು, ಕಡೆಗೆ ಶವಗಳ ವಿಲೇವಾರಿಗೂ ಒಂದು ಸೇವೆ. ಬರೆದವರು ಯುದ್ಧ ಕಂಡವರು ಅಂತ ಗೊತ್ತಾಗುತ್ತದೆ.

ಆದರೆ ರಸ್ತೆಯಲ್ಲಿ ಕಾಣುವುದೇನು? ಟ್ರಾಫಿಕ್ಕಿಗೆ ಗೃಹರಕ್ಷಕ, ಜಾತ್ರೆಗೆ ಗೃಹರಕ್ಷಕ, ಮತಗಟ್ಟೆಗೆ ಗೃಹರಕ್ಷಕ. ಬಿಡುವಿನ ವೇಳೆ ಕೊಡುವ ವಕೀಲ ಎಲ್ಲಿ, ವೈದ್ಯ ಎಲ್ಲಿ? ಬಿಸಿಲಲ್ಲಿ ನಿಂತವರಲ್ಲಿ ಬಹಳ ಜನ ದಿನಭತ್ಯೆಯಿಂದಲೇ ಮನೆ ನಡೆಸುವವರು. ಕರ್ತವ್ಯ ಇದ್ದ ದಿನ ಕಾಸು, ಇಲ್ಲದ ದಿನ ಖಾಲಿ ಕೈ. ಹೆಸರು ಸ್ವಯಂಸೇವಕ, ದುಡಿಮೆ ಪೊಲೀಸರದು. ಇದೇ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2015ರ ಮಾರ್ಚಿನಲ್ಲಿ ಕೋರ್ಟು ಎರಡು ಮಾತು ಹೇಳಿತು. ಒಂದು, ಇವರು ಕಾಯಂ ನೌಕರರಲ್ಲ. ಎರಡು, 30 ದಿನದ ಭತ್ಯೆ ಕೂಡಿಸಿದರೆ ಪೊಲೀಸ್ ಸಿಬ್ಬಂದಿಯ ಕನಿಷ್ಠ ವೇತನಕ್ಕೆ ಸಮ ಆಗಬೇಕು. ನ್ಯಾಯದ ಮಾತು. ಭತ್ಯೆ ಹೊತ್ತಿಗೆ ಸರಿಯಾಗಿ ಕೈಸೇರಬೇಕು ಎಂಬುದು ಅದಕ್ಕಿಂತ ಸಣ್ಣ ಮಾತಲ್ಲ.

ಆದರೆ ಯುದ್ಧದ ದಿನದ ಲೆಕ್ಕ ಬೇರೆ. ಸೈರನ್ ಕೂಗಿದ ಕೂಡಲೇ ಪೊಲೀಸರಿಗೆ ಸೇತುವೆ ಕಾಯಲು ಜನ ಬೇಕು, ಪೆಟ್ರೋಲ್ ಬಂಕಿನ ಸಾಲು ನಿಲ್ಲಿಸಲು ಜನ ಬೇಕು. ತರಬೇತಿಯಾದ ಗೃಹರಕ್ಷಕರನ್ನೆಲ್ಲ ಅಲ್ಲಿಗೇ ಎಳೆದರೆ ಓಣಿಯಲ್ಲಿ ಉಳಿಯುವವರು ಯಾರು? ಆಸ್ಪತ್ರೆಯ ನರ್ಸ್, ಹೆಸ್ಕಾಂ ಲೈನ್‌ಮನ್, ಬಸ್ ಡ್ರೈವರ್, ನೌಕಾನೆಲೆಯ ಕೆಲಸಗಾರ, ಇವರಿಗೆಲ್ಲ ಆ ದಿನ ಅವರವರ ಡ್ಯೂಟಿಯೇ ದೊಡ್ಡದು. ಅವರನ್ನೇ ಮತ್ತೆ ಸ್ವಯಂಸೇವಕರ ಪಟ್ಟಿಗೆ ಬರೆದುಕೊಂಡರೆ ಪಟ್ಟಿ ಉದ್ದ ಆಗುತ್ತದೆ, ಜನ ಹೆಚ್ಚಾಗುವುದಿಲ್ಲ. ಒಂದೇ ತಲೆಗೆ ಎರಡು ಟೋಪಿ ಹಾಕಿದರೆ ಎರಡು ತಲೆ ಆಗುವುದಿಲ್ಲವಷ್ಟೆ.

ಮೊದಲು ಬಂದವರು ಯಾರು?

ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕನನ್ನು ಬದುಕಿಸಿದ್ದು ಪೊಲೀಸರ ಜತೆ ದೋಣಿ ತಂದ ಸ್ಥಳೀಯ ಮೀನುಗಾರರು. ಅದಕ್ಕೆ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿ ಬದಿಯ ಚಹಾ ಅಂಗಡಿಯೇ ಕೊಚ್ಚಿಹೋಗಿತ್ತು. ಗಂಗಾವಳಿಯಲ್ಲಿ ಮುಳುಗಿದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ.

ನೀರಿನ ಸೆಳೆತ, ಭರತ ಇಳಿತ, ಕತ್ತಲಲ್ಲಿ ದೋಣಿ ತಿರುಗಿಸುವುದು ಗೊತ್ತಿರುವವರು ಬೈತಖೋಲದಲ್ಲಿ, ಕೋಡಿಬಾಗದಲ್ಲಿ, ಸದಾಶಿವಗಡದಲ್ಲಿ ಇದ್ದಾರೆ. ಅಂಥವರು ದಳದ ಒಳಗಿರಬೇಕು, ಹೊರಗಲ್ಲ. ಅಲ್ಲೂ ಒಂದು ಲೆಕ್ಕ ಇದೆ. ಜೂನ್, ಜುಲೈ ಮೀನುಗಾರಿಕೆ ನಿಷೇಧದ ತಿಂಗಳು, ಯಾಂತ್ರಿಕ ದೋಣಿಯವರು ದಡದಲ್ಲಿರುತ್ತಾರೆ. ಉಳಿದ ಹತ್ತು ತಿಂಗಳು ಬಹುಪಾಲು ಗಂಡಸರು ಸಮುದ್ರದಲ್ಲಿ. ಆಗ ಓಣಿ ಕಾಯುವವರು ಹೆಂಗಸರೇ. ಮಾಧಾಪರದ ಪಾಠವನ್ನು ಇಲ್ಲಿಯ ಪಟ್ಟಿಗೂ ಸೇರಿಸಿಕೊಂಡರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಅಂಗಡಿಯವರಿಗೆ, ಬಸ್ಸಿನವರಿಗೆ

ಪೇಟೆಯ ಪಾಲೂ ಇದರಲ್ಲಿ ಇದೆ. 1965ರಲ್ಲಿ, 1971ರಲ್ಲಿ ದೀಪ ಆರಿಸಿ ಅಂದರೆ ಸ್ವಿಚ್ ಒತ್ತಿದರೆ ಮುಗಿಯಿತು. ಕಿಟಕಿಗೆ ಕಪ್ಪು ಕಾಗದ, ವಾಹನದ ಹೆಡ್‌ಲೈಟಿಗೆ ಅರ್ಧ ಕಪ್ಪು ಬಣ್ಣ. ಇವತ್ತು ಹೆಸ್ಕಾಂನವರು ಕರೆಂಟು ತೆಗೆದರೂ ಇನ್ವರ್ಟರ್ ಮೇಲೆ ಅಂಗಡಿಯ ಬೋರ್ಡು ಉರಿಯುತ್ತದೆ, ಸೋಲಾರ್ ಬೀದಿದೀಪ ತನ್ನ ಪಾಡಿಗೆ ಬೆಳಗುತ್ತದೆ. ಒಂದು ಬೋರ್ಡು ಉರಿದರೆ ಇಡೀ ಓಣಿ ಕತ್ತಲಾಗಿದ್ದು ದಂಡ. ಬೋರ್ಡಿನ ಸ್ವಿಚ್ ಎಲ್ಲಿದೆ, ಬಾಗಿಲು ಹಾಕಿ ಹೋದ ಅಂಗಡಿಯ ಕೀಲಿ ಯಾರ ಹತ್ತಿರ ಇದೆ, ಇದನ್ನು ತಿಳಿದ ಒಬ್ಬ ವಾರ್ಡನ್ ಪ್ರತಿ ಓಣಿಗೆ ಬೇಕು. ಅದಕ್ಕೆ ಬಂದೂಕು ಬೇಡ, ಒಂದು ನೋಟ್‌ಬುಕ್ಕು ಸಾಕು.

ಸೈರನ್ನಿನ ಭಾಷೆಯೂ ತಿಳಿದಿರಬೇಕು. ಏರಿಳಿಯುತ್ತಾ ಕೂಗಿದರೆ ಅಪಾಯ, ಒಂದೇ ಸಮನೆ ಕೂಗಿದರೆ ಅಪಾಯ ಕಳೆಯಿತು. ರವಿವಾರದ ಸಂತೆಯಲ್ಲಿ ಈ ವ್ಯತ್ಯಾಸ ತಿಳಿಯದೆ ಎಲ್ಲರೂ ಬಸ್‌ಸ್ಟ್ಯಾಂಡಿಗೆ ಓಡಿದರೆ ಬಾಂಬಿಗಿಂತ ಕಾಲ್ತುಳಿತದ್ದೇ ಭಯ. 2025ರ ಮೇ ತಿಂಗಳಲ್ಲಿ ಟೀವಿಯವರು ಕಾರ್ಯಕ್ರಮದ ನಡುವೆ ಸೈರನ್ ಸದ್ದು ಹಾಕಬೇಡಿ ಅಂತ ಕೇಂದ್ರ ಸೂಚಿಸಿತು. ನಿತ್ಯ ಕೂಗಿದರೆ ನಿಜವಾದ ಕೂಗಿಗೆ ಯಾರೂ ಏಳಲಾರರು.

ಖರ್ಚು ಎಲ್ಲಿಂದ ಎಂಬ ನೆಪವೂ ಪೂರ್ತಿ ನಿಲ್ಲುವುದಿಲ್ಲ. ಪೌರ ರಕ್ಷಣಾ ಕಾಯಿದೆಗೆ 2009ರಲ್ಲಿ ತಿದ್ದುಪಡಿ ತಂದು ಪ್ರಕೃತಿ ವಿಕೋಪವನ್ನೂ ಅದರೊಳಗೆ ಸೇರಿಸಲಾಗಿದೆ. ಅಂದರೆ ಯುದ್ಧಕ್ಕೆ ಕಟ್ಟಿದ ಪಡೆ ಮಳೆಗಾಲದಲ್ಲೂ ದುಡಿಯಬಹುದು. ಈ ಜಿಲ್ಲೆಯಲ್ಲಿ ಯುದ್ಧ ಯಾವಾಗ ಬರುತ್ತದೋ ಗೊತ್ತಿಲ್ಲ. ಮಳೆಗಾಲ ಮಾತ್ರ ಪ್ರತಿ ಜೂನಿಗೆ ಬರುತ್ತದೆ.

ಹಾಗಾಗಿ ಜಿಲ್ಲಾಡಳಿತವನ್ನು ಕೇಳಬೇಕಾದ್ದು ಬಹಳ ಇಲ್ಲ. ಪೊಲೀಸ್ ಬಂದೋಬಸ್ತಿಗೆ ಹೋಗುವ ಗೃಹರಕ್ಷಕರ ಪಟ್ಟಿ ಒಂದು, ಓಣಿಯಲ್ಲೇ ಉಳಿಯುವ ಪೌರ ರಕ್ಷಕರ ಪಟ್ಟಿ ಇನ್ನೊಂದು, ಎರಡರಲ್ಲೂ ಒಂದೇ ಹೆಸರು ಬೇಡ. ವಾರ್ಡುವಾರು ಆ ಹೆಸರುಗಳನ್ನು ನಗರಸಭೆಯ ಬೋರ್ಡಿನ ಮೇಲೆ ಹಾಕಲಿ. ಹಾಕಿದ ದಿನ ಗ್ರೀನ್ ಸ್ಟ್ರೀಟಿನ ಅಂಗಡಿಯವರು ಹೋಗಿ ತಮ್ಮ ಓಣಿಯ ಹೆಸರು ಓದಿಕೊಂಡು ಬರಲಿ. ಹೆಸರು ಇಲ್ಲದಿದ್ದರೆ ತಮ್ಮದನ್ನೇ ಬರೆಸಿ ಬರಲಿ.