ಟಿಕೇಟಿನ ಗಂಟೆ, ಮನೆಯ ಗಂಟೆ

ಹೂಡೆಯ ಸೋದರಿಯೊಬ್ಬರ ಪ್ರಶ್ನೆ: “ಮಗಳ ಬಾಣಂತನಕ್ಕೆಂದು ದುಬೈಗೆ ಒಬ್ಬಳೇ ಹೊರಟಿದ್ದೇನೆ, ಇದೇ ಮೊದಲು. ವಿಮಾನ ರಾತ್ರಿ 9ಕ್ಕೆ ಹೊರಟು 11.15ಕ್ಕೆ ತಲುಪುತ್ತದಂತೆ. ಬರುವಾಗ ಮಾತ್ರ ನಡುರಾತ್ರಿ 1ಕ್ಕೆ ಹೊರಟದ್ದು ಬೆಳಿಗ್ಗೆ 6ಕ್ಕೆ! ಬರುವ ದಾರಿ ಅಷ್ಟು ದೂರವೇ? ನನಗೆ ಸಕ್ಕರೆ ಕಾಯಿಲೆಯೂ ಇದೆ.”

ದಾರಿ ಒಂದೇ ತಾಯಿ, ಬಜ್ಪೆಯಿಂದ ದುಬೈಗೆ ಸುಮಾರು 2,450 ಕಿ.ಮೀ. ಟಿಕೇಟಿನಲ್ಲಿ ಆಯಾ ಊರಿನ ಗಂಟೆಯನ್ನೇ ಹಾಕುತ್ತಾರೆ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಹೋಗುವಾಗ ಅದನ್ನು ಕೂಡಿಸಿ: ಮೂರೂ ಮುಕ್ಕಾಲು ಗಂಟೆ. ಬರುವಾಗ ಕಳೆಯಿರಿ: ಮೂರೂವರೆ. ಉಳಿದ ಕಾಲು ಗಂಟೆ ಗಾಳಿಯದ್ದು. ಚಳಿಗಾಲದಲ್ಲಿ ಮೇಲೆ ಪಡುವಣದಿಂದ ಜೋರು ಗಾಳಿ ಬೀಸುತ್ತದೆ. ಹೋಗುವಾಗ ಅದು ಎದುರು, ಬರುವಾಗ ಬೆನ್ನಿಗೆ. ಮಸ್ಕತ್ತಿಗೂ ಇದೇ ಒಂದೂವರೆ ಗಂಟೆಯ ವ್ಯತ್ಯಾಸ. ಕುವೈತ್, ದೋಹಾ, ಬಹರೈನ್, ರಿಯಾದ್‌ಗಳಿಗಾದರೆ ಎರಡೂವರೆ.

ಆದರೆ ನೀವು ನೋಡಬೇಕಾದದ್ದು ಮನೆಯಿಂದ ಮನೆಗೆ ಎಷ್ಟು ಹೊತ್ತು ಎಂಬುದನ್ನು. ಹೂಡೆಯಿಂದ ಬಜ್ಪೆಗೆ ಅರವತ್ತೈದು-ಎಪ್ಪತ್ತು ಕಿ.ಮೀ.; ಎರಡು ಗಂಟೆ ಇಟ್ಟುಕೊಳ್ಳಿ. ಮೂರು ಗಂಟೆ ಮೊದಲೇ ಅಲ್ಲಿರಬೇಕು. ಅಂದರೆ ಸಂಜೆ 4ಕ್ಕೇ ಮನೆ ಬಿಡಬೇಕು. ಇಳಿದ ಮೇಲೆ ಪಾಸ್‌ಪೋರ್ಟಿನ ಸಾಲು, ಪೆಟ್ಟಿಗೆಗೆ ಕಾಯುವುದು ಎಲ್ಲ ಮುಗಿಸಿ ಮಗಳ ಮನೆ ಸೇರುವಾಗ ನಮ್ಮೂರಲ್ಲಿ ರಾತ್ರಿ ಎರಡೂವರೆ. ಒಟ್ಟು ಹತ್ತೂವರೆ ಗಂಟೆ! ಹಾಗೆಂದು ಎದೆಗುಂದಬೇಡಿ. 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾಗುವ ಮೊದಲು ನಮ್ಮವರು ಬಸ್ಸಿನಲ್ಲೋ, 1998ರ ನಂತರ ಕೊಂಕಣ ರೈಲಿನಲ್ಲೋ ಮುಂಬಯಿಗೆ ಹೋಗಿ ಅಲ್ಲಿಂದ ವಿಮಾನ ಹತ್ತುತ್ತಿದ್ದರು.

ಸಕ್ಕರೆ ಕಾಯಿಲೆಯವರು ಈ ಹತ್ತೂವರೆ ಗಂಟೆಯನ್ನು ಮರೆಯಲೇಬಾರದು. ಹೊಟ್ಟೆಗೆ ಗೊತ್ತಿರುವುದು ಹೂಡೆಯ ಗಡಿಯಾರ ಮಾತ್ರ. ಆ ದಿನ ಕೈಗಡಿಯಾರವನ್ನು ತಿರುಗಿಸಬೇಡಿ. ಊಟ, ಮಾತ್ರೆ ಯಾವ ಹೊತ್ತಿಗೆಂದು ನಿಮ್ಮ ಡಾಕ್ಟರಲ್ಲಿ ಮೊದಲೇ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಮಾತ್ರೆ, ಆ ಚೀಟಿ, ನಾಲ್ಕು ಚಪಾತಿ ಕೈಚೀಲದಲ್ಲೇ ಇರಲಿ. ವಿಮಾನದ ಊಟವನ್ನು ನಂಬಿ ಕೂರಬೇಡಿ. ಉಪ್ಪಿನಕಾಯಿ, ತುಪ್ಪ, ತೆಂಗಿನೆಣ್ಣೆ ದೊಡ್ಡ ಪೆಟ್ಟಿಗೆಗೆ ಹೋಗಲಿ.

ಇನ್ನೊಂದು ಮುಖ್ಯ ಮಾತು. ಬಾಣಂತಿಗೆಂದು ಗಸಗಸೆ ಕಟ್ಟಿಕೊಳ್ಳಲೇಬೇಡಿ, ಲೇಹ್ಯದಲ್ಲಿ ಬೆರೆಸಿದ್ದೂ ಬೇಡ. ನಮಗದು ಪಾಯಸದ ಸಾಮಾನು. ದುಬೈಯಲ್ಲಿ ಅದು ಮಾದಕ ವಸ್ತು, ಸಿಕ್ಕಿಬಿದ್ದರೆ ಜೈಲೇ ಗತಿ. ಮೆಂತೆ, ಓಮ, ಒಣಶುಂಠಿ ಧಾರಾಳ ಒಯ್ಯಿರಿ.

ಮನೆಯಲ್ಲಿ ಉಳಿಯುವವರಿಗೂ ಹೇಳಿ ಹೋಗಿ: 11.15ಕ್ಕೆ ಫೋನು ಬರಲಿಲ್ಲವೆಂದು ಗಾಬರಿಯಾಗಬಾರದು. ಅಮ್ಮ ದುಬೈಯಲ್ಲಿ ಇಳಿಯುವಾಗ ಹೂಡೆಯಲ್ಲಿ 12.45 ಆಗಿರುತ್ತದೆ.